ಬಟನ್ನಿನ ಅಗಲ, ಜೀವದ ಅಳತೆ

ಪೈಥಾನ್‌ನಲ್ಲಿ ಟಿಕಿಂಟರ್ ಬಳಸುವವರಿಗೆಲ್ಲ ಈ 1 ಗೊತ್ತು. ಬಟನ್ ಮಾಡಿ, ಪ್ಯಾಕ್ ಮಾಡಿ, ಮರುಸಾಲಿನಲ್ಲೇ ವಿನ್‌ಫೋ_ವಿಡ್ತ್ ಕೇಳಿದರೆ ಬರುವ ಉತ್ತರ ಅದು. ಒಂದೇ ಒಂದು ಪಿಕ್ಸೆಲ್. ವಿನ್‌ಫೋ_ರೆಕ್‌ವಿಡ್ತ್ ಕೇಳಿದರೆ ಬೇರೆ ಸಂಖ್ಯೆ: ‘ಮುದ್ರಿಸು’ ಎಂಬ ಪದ, ಫಾಂಟು, ಅಂಚು ಎಲ್ಲ ಕೂಡಿಸಿ ಬಟನ್ ತನಗೆ ಬೇಕೆನ್ನುವ ಅಗಲ. ಫಿಲ್ ಎಂದು ಹೇಳಿದ್ದರೆ ಅದು ಕೊನೆಗೆ ಕಿಟಕಿಯುದ್ದಕ್ಕೂ ಹರಡಿಕೊಳ್ಳುತ್ತದೆ. ಮೂರರಲ್ಲಿ ನಿಜವಾದ ಅಳತೆ ಯಾವುದು?

ಅಳತೆಯ ಈ ಪ್ರಶ್ನೆ ನನಗೆ ಹೊಸದಲ್ಲ; ನಾನು ಮೂಡುಬಿದಿರೆಯ ಜೈನ ಮನೆಯವಳು. ಜೀವ ಸ್ವದೇಹ ಪರಿಮಾಣ, ಅಂದರೆ ತಾನಿರುವ ದೇಹದಷ್ಟೇ ಗಾತ್ರದ್ದು, ದೀಪದ ಬೆಳಕು ಕೋಣೆಗೆ ತಕ್ಕಂತೆ ಹರಡುವ ಹಾಗೆ ಎಂಬುದು ತತ್ತ್ವಾರ್ಥಸೂತ್ರದ ಪಾಠದಲ್ಲಿ ಕೇಳಿ ಬೆಳೆದ ಮಾತು. ಮಾಧ್ವರಿಗೆ ಜೀವ ಅಣು; ಪಕ್ಕದ ಕುರ್ಚಿಯ ಮಾಧ್ವ ಗೆಳತಿ ಆ 1 ಕಂಡು ನಕ್ಕಳು: “ನೋಡೇ, ನಿನ್ನ ಬಟನ್ನೂ ಅಣುವೇ!” ಒಪ್ಪಲಿಲ್ಲ. ಆ 1 ಅಳತೆಯೇ ಅಲ್ಲ. ಯಾರಿಗೆಷ್ಟು ಜಾಗ ಎಂಬ ಲೆಕ್ಕವನ್ನು ಟಿಕಿಂಟರ್ ಬಿಡುವಾದಾಗ ಮಾಡುತ್ತದೆ; ಅಲ್ಲಿಯವರೆಗೆ ಏನೋ ಒಂದು ಇರಲಿ ಎಂದು ಇಟ್ಟದ್ದು.

ನನ್ನನ್ನು ಹೆಚ್ಚು ಕಾಡುವುದು ಜೀವ ದೇಹದಷ್ಟೇ ಎಂಬ ಮಾತಿಗೆ ಶಂಕರರು ಎತ್ತಿದ ಆಕ್ಷೇಪ. ಹಿಗ್ಗಿ ಕುಗ್ಗುವುದು ಅನಿತ್ಯವಲ್ಲವೇ? ಮನುಷ್ಯನ ಜೀವ ಆನೆಯ ಮೈ ತುಂಬೀತೇ, ಇರುವೆಯೊಳಗೆ ಹಿಡಿದೀತೇ? ಜೈನರ ಉತ್ತರ: ಜೀವದ ಪ್ರದೇಶಗಳ, ಅಂದರೆ ಅವಿಭಾಜ್ಯ ಅಂಶಗಳ, ಸಂಖ್ಯೆ ಬದಲಾಗುವುದಿಲ್ಲ, ಅವುಗಳ ಸಂಕೋಚ ವಿಸ್ತಾರ ಮಾತ್ರ. ಕಿಟಕಿಯನ್ನು ಎಳೆದು ಹಿಗ್ಗಿಸಿದರೂ ಬಟನ್ನಿನ ಹೆಸರು, ಒತ್ತಿದರೆ ಆಗುವ ಕೆಲಸ ಹಾಗೇ ಇರುತ್ತವೆ. ಇದರಿಂದ ಸಿದ್ಧಾಂತವೇನೂ ಸಾಬೀತಾಗದು, ನಿಜ. ಆದರೆ ಅಳತೆ ಬದಲಾದ ಮಾತ್ರಕ್ಕೆ ವಸ್ತು ಹೋಯಿತು ಎನ್ನಲಾಗದು ಎಂಬಷ್ಟಕ್ಕೆ ಸಾಕು.

ಇನ್ನೊಂದು ಸಂಗತಿ. ತೋರಿಸಿದ ಬಟನ್ನನ್ನು ಪ್ಯಾಕ್_ಫರ್ಗೆಟ್ ಮಾಡಿ ಪರದೆಯಿಂದ ತೆಗೆದ ಮೇಲೂ ಅಗಲ ಕೇಳಿದರೆ ಹಳೆಯ ಅಳತೆಯನ್ನೇ ಹೇಳುತ್ತದೆ. ಮುಕ್ತ ಜೀವ ದೇಹವಿಲ್ಲದಿದ್ದರೂ ಕೊನೆಯ ದೇಹಕ್ಕಿಂತ ತುಸು ಕಡಿಮೆಯ ಆಕಾರದಲ್ಲಿ ಲೋಕದ ತುದಿಯ ಸಿದ್ಧಶಿಲೆಯ ಮೇಲಿರುತ್ತದೆ ಎನ್ನುತ್ತದೆ ನಮ್ಮ ಶಾಸ್ತ್ರ. ಬಾಲ್ಯದಲ್ಲಿ ಇದು ವಿಚಿತ್ರವೆನಿಸುತ್ತಿತ್ತು. ಈಗ ಅಷ್ಟಿಲ್ಲ.

ಎಲ್ಲಿ, ಯಾವಾಗ ಎಂದು ಹೇಳದೆ ‘ನಿಜವಾದ ಗಾತ್ರ’ ಕೇಳುವುದೇ ಅರೆಪ್ರಶ್ನೆ ಎಂಬುದು ನನ್ನ ತೀರ್ಮಾನ. ನಿಮಗೂ 1 ಬಂದರೆ ಮೊದಲು ಅಪ್‌ಡೇಟ್_ಐಡಲ್‌ಟಾಸ್ಕ್ಸ್ ಕರೆಯಿರಿ, ಆಮೇಲೆ ಅಗಲ ಕೇಳಿ.