ಹಾಸನಾಂಬೆಯ ಹುಂಡಿಗೆ ಒಂದು ಅರ್ಜಿ

ತಾಯಿ ಹಾಸನಾಂಬೆ,

ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರ ಬಾಳೆಕಂದು ಕಡಿದು ನಿನ್ನ ಗುಡಿಯ ಬಾಗಿಲು ತೆಗೆಯುತ್ತಾರೆ. ಬಲಿಪಾಡ್ಯಮಿ ಮುಗಿದ ಮೇಲೆ ಮತ್ತೆ ಮುಚ್ಚುತ್ತಾರೆ. ಹುಂಡಿ ಎಣಿಸಲು ಕೂತವರಿಗೆ ನೋಟು, ಚಿಲ್ಲರೆಯ ನಡುವೆ ಮಡಿಸಿಟ್ಟ ಚೀಟಿಗಳೂ ಸಿಗುತ್ತವೆ. ಮಗನಿಗೆ ಕೆಲಸ ಕೊಡಿಸು, ಮಗಳಿಗೆ ಒಳ್ಳೆಯ ಕಡೆ ಸಂಬಂಧ ಕೂಡಿಸು, ಪರೀಕ್ಷೆಯಲ್ಲಿ ಪಾಸು ಮಾಡಿಸು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಬಸ್ಸು ಹತ್ತಿ ಬಂದು, ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಹಾಕಿದ ಚೀಟಿಗಳವು. ಒಂದೊಂದೂ ನ್ಯಾಯವಾದ ಬೇಡಿಕೆಯೇ. ಅವುಗಳ ಜೊತೆ ಇದನ್ನೂ ಇಟ್ಟುಕೋ ತಾಯಿ. ಇದು ಬೇರೆಯವರ ಪರವಾಗಿ ಬರೆದದ್ದು. ತಮ್ಮ ನಂಬಿಕೆಗಾಗಿ ಸೆರೆಮನೆ ಸೇರಿ, ಒಳಗೆ ಏಟು ತಿನ್ನುತ್ತಿರುವ, ನಾವು ಮುಖ ಕಾಣದ ಜನರ ಪರವಾಗಿ.

ಇಂಥ ಮೊರೆಯನ್ನು ನಿನಗೇ ಏಕೆ ಒಪ್ಪಿಸಬೇಕೆಂಬುದಕ್ಕೆ ನಿನ್ನ ಗುಡಿಯ ಸೊಸೆಕಲ್ಲೇ ಸಾಕ್ಷಿ. ಅತ್ತೆಯ ಕಾಟ ತಾಳಲಾರದ ಸೊಸೆಯೊಬ್ಬಳು ದಿನವೂ ನಿನ್ನ ಸನ್ನಿಧಿಗೆ ಬರುತ್ತಿದ್ದಳಂತೆ. ಹಿಂದೆಯೇ ಬಂದ ಅತ್ತೆ ಬಟ್ಟಲಿನಿಂದ ಅವಳ ತಲೆಗೆ ಹೊಡೆದಳಂತೆ. ಅಮ್ಮಾ ಎಂದು ಕೂಗಿದವಳನ್ನು ನೀನು ಕಲ್ಲಾಗಿಸಿ ನಿನ್ನ ಬಳಿಯೇ ಇರಿಸಿಕೊಂಡೆ. ಆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ನಿನ್ನತ್ತ ಸರಿಯುತ್ತದೆಂದು ಹಿರಿಯರು ಹೇಳುತ್ತಾರೆ. ನಮ್ಮನೆ ಸೊಸೆ, ನಾವು ಹೊಡೆಯುತ್ತೇವೆ, ಕೇಳಲು ನೀವ್ಯಾರು ಎನ್ನುವ ಮಾತು ಈ ಸೀಮೆಯಲ್ಲಿ ಇನ್ನೂ ಕೇಳಿಬರುತ್ತದೆ. ಸರಕಾರಗಳೂ ಅದನ್ನೇ ಆಡುತ್ತವೆ. ಆಂತರಿಕ ವಿಷಯ ಎಂದು ಅದಕ್ಕೊಂದು ದೊಡ್ಡ ಹೆಸರು ಕೊಟ್ಟಿರುತ್ತವೆ. ಏಟು ತಿನ್ನುವವರ ಕೂಗು ಹೊಸ್ತಿಲು ದಾಟಿದ ಮೇಲೆ ಅದು ಮನೆಯೊಳಗಿನ ಮಾತಾಗಿ ಉಳಿಯುವುದಿಲ್ಲವೆಂದು ನೀನು ಅಂದೇ ತೋರಿಸಿದ್ದೀಯೆ.

ನಮ್ಮ ನಾಡಿನ ಕೂಗೂ ಒಮ್ಮೆ ಹೊಸ್ತಿಲು ದಾಟಿತ್ತು. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಬಂತು. ಆಮೇಲೆ ಅದರ ತನಿಖೆ ನಡೆಸಿದ ಶಾ ಆಯೋಗದ ಲೆಕ್ಕದಂತೆ ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಕೂಡಿಹಾಕಲಾಯಿತು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು ಬೆಂಗಳೂರಿನ ಕೇಂದ್ರ ಕಾರಾಗೃಹ ಸೇರಿದರು. ಎಲ್.ಕೆ. ಆಡ್ವಾಣಿ, ಮಧು ದಂಡವತೆಯವರೂ ಅದೇ ಗೋಡೆಗಳ ಒಳಗಿದ್ದರು. ಎತ್ತಣ ಪಕ್ಷಗಳವರೋ, ಒಂದೇ ಜೈಲಿನ ಅನ್ನ ಉಂಡರು.

1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು, ಬಂಧನವನ್ನು ಪ್ರಶ್ನಿಸಿ ಕೋರ್ಟಿಗೆ ಬರುವ ಹಕ್ಕು ಈಗ ಯಾರಿಗೂ ಇಲ್ಲವೆಂದು ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮೂರನೆಯ ದಿನ, ಮೇ 1ರಂದು, ಬೆಂಗಳೂರಿನಲ್ಲಿ ಲಾರೆನ್ಸ್ ಫರ್ನಾಂಡಿಸ್ ಅವರನ್ನು ಪೊಲೀಸರು ಕರೆದೊಯ್ದರು. ಪೊಲೀಸರಿಗೆ ಬೇಕಾಗಿದ್ದದ್ದು ಲಾರೆನ್ಸರ ಅಣ್ಣ, ಭೂಗತರಾಗಿದ್ದ ವಿರೋಧಪಕ್ಷದ ನಾಯಕ ಜಾರ್ಜ್ ಫರ್ನಾಂಡಿಸರ ಸುಳಿವು. ಮಗ ಎಲ್ಲಿದ್ದಾನೆಂದು ಮನೆಯವರಿಗೆ ದಿನಗಟ್ಟಲೆ ತಿಳಿಯಲಿಲ್ಲ. ಕೊನೆಗೆ ಕಣ್ಣಿಗೆ ಬಿದ್ದಾಗ ಆತ ಆಸರೆಯಿಲ್ಲದೆ ಹೆಜ್ಜೆ ಎತ್ತಿಡಲಾರದ ಸ್ಥಿತಿಯಲ್ಲಿದ್ದರು. ತಾಯಿ ಆಲಿಸ್ ಕಾಗದ ತೆಗೆದುಕೊಂಡು ರಾಷ್ಟ್ರಪತಿಗೆ ಪತ್ರ ಬರೆದರು. ಲಾಠಿಗಳು ಮುರಿಯುವ ತನಕ ಹೊಡೆದದ್ದು, ಆಮೇಲೆ ಆಲದ ಬಿಳಲು ಹಿಡಿದದ್ದು, ಎಲ್ಲವನ್ನೂ ಒಂದೊಂದಾಗಿ ಬರೆದರು. ಪತ್ರಿಕೆಗಳ ಬಾಯಿ ಕಟ್ಟಿದ್ದ ಕಾಲವದು. ಆ ಪತ್ರ ಕೈಯಿಂದ ಕೈಗೆ ದಾಟುತ್ತ ಹೊರದೇಶಗಳನ್ನೂ ಮುಟ್ಟಿತು.

ಜೂನ್ 10ರಂದು ಜಾರ್ಜ್ ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದರು. ತಮ್ಮನಿಗೆ ಆದದ್ದನ್ನು ಓದಿದ್ದವರಿಗೆ ಅಣ್ಣನಿಗೆ ಏನು ಕಾದಿದೆಯೆಂದು ಯಾರೂ ಹೇಳಬೇಕಾಗಿರಲಿಲ್ಲ. ಜರ್ಮನಿಯ ವಿಲ್ಲಿ ಬ್ರಾಂಟ್, ಆಸ್ಟ್ರಿಯಾದ ಬ್ರೂನೋ ಕ್ರೈಸ್ಕಿ, ಸ್ವೀಡನ್ನಿನ ಓಲೋಫ್ ಪಾಲ್ಮೆ, ಈ ಮೂವರು ನಾಯಕರು ಜಾರ್ಜ್ ಅವರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳಬೇಕೆಂದು ಇಂದಿರಾ ಗಾಂಧಿಯವರಿಗೆ ತಿಳಿಸಿದರು. ವಕೀಲರನ್ನು ಒದಗಿಸಿ, ಮೈಮೇಲೆ ಕೈ ಮಾಡಬೇಡಿ ಎಂದು ಕೈದಿಗಳ ಪರ ದನಿಯೆತ್ತುವ ಆಮ್ನೆಸ್ಟಿ ಸಂಸ್ಥೆಯವರು ತಂತಿ ಕಳಿಸಿದರು. ಮಂಗಳೂರಿನಲ್ಲಿ ಹುಟ್ಟಿದ ಒಬ್ಬ ಮನುಷ್ಯನಿಗಾಗಿ ವಿಯೆನ್ನಾ, ಸ್ಟಾಕ್‌ಹೋಮ್‌ಗಳಲ್ಲಿ ಕೂತವರು ಕೇಳಿಕೊಂಡರು. ಜಾರ್ಜ್ ಉಳಿದರು. ಬೇಡಿ ತೊಟ್ಟ ಕೈಯನ್ನು ಮೇಲೆತ್ತಿದ ಅವರ ಚಿತ್ರವನ್ನು ದೇಶ ನೋಡಿತು. ಜೈಲಿನಲ್ಲಿದ್ದುಕೊಂಡೇ ಅವರು 1977ರಲ್ಲಿ ಮುಜಫರ್‌ಪುರದಿಂದ ಗೆದ್ದರು.

ದೂರದ ಒಂದು ಕಾಗದದಿಂದ ಏನಾದೀತು ಎಂದು ಕೇಳುವವರಿಗೆ ಹೇಳಲು ಈ ಮಾತು ನಮ್ಮ ಬಾಯಲ್ಲಿರಲಿ ತಾಯಿ. ಹೊಡೆಯುವ ಕೈಗೆ ಬೇಕಾದದ್ದು ಕತ್ತಲೆ. ಒಳಗಿರುವವನ ಹೆಸರು, ಬಂಧನದ ತಾರೀಖು, ಠಾಣೆ ಯಾವುದೆಂಬುದು ಹೊರಗೆ ಗೊತ್ತಿದೆಯೆಂದು ತಿಳಿದ ಗಳಿಗೆಯಿಂದ ಆ ಕೈ ಲೆಕ್ಕ ಹಾಕತೊಡಗುತ್ತದೆ. ನಾಳೆ ಉತ್ತರ ಕೊಡಬೇಕಾದವನು ತಾನೇ ಎಂದು ಜೈಲರನಿಗೂ ಹೊಳೆಯುತ್ತದೆ. 1973ರಲ್ಲಿ ಬ್ರೆಜಿಲ್‌ನ ಅಧ್ಯಾಪಕ ಲೂಯಿಸ್ ರೋಸಿ ಅವರಿಗಾಗಿ ಆಮ್ನೆಸ್ಟಿ ತನ್ನ ಮೊದಲ ತುರ್ತು ಮನವಿ ಹೊರಡಿಸಿತು. ತನ್ನ ವಿಷಯ ಬಹಿರಂಗವಾಗಿದೆ, ಇನ್ನು ತನ್ನನ್ನು ಕೊಲ್ಲಲಾರರೆಂದು ತನಗೆ ಗೊತ್ತಾಯಿತೆಂದು ಆತ ಮುಂದೆ ಹೇಳಿಕೊಂಡರು.

ಆ ಸಂಸ್ಥೆಯನ್ನು 1961ರಲ್ಲಿ ಕಟ್ಟಿದ ಪೀಟರ್ ಬೆನೆನ್ಸನ್ ಎಂಬ ಲಂಡನ್ ವಕೀಲರ ಕಾಲದಿಂದ ನಡೆದುಬಂದ ಒಂದು ಕ್ರಮವನ್ನು ನಮಗೂ ಕಲಿಸು. ಒಂದು ಊರಿನ ಗುಂಪು ಮೂವರು ಕೈದಿಗಳ ಹೊಣೆ ಹೊರುತ್ತಿತ್ತು: ಒಬ್ಬರು ಪಶ್ಚಿಮದ ದೇಶದವರು, ಒಬ್ಬರು ಕಮ್ಯುನಿಸ್ಟ್ ದೇಶದವರು, ಇನ್ನೊಬ್ಬರು ಬಡ ದೇಶದವರು. ಮೂವರ ವಿಚಾರಗಳೂ ಒಂದಕ್ಕೊಂದು ಕೂಡುತ್ತಿರಲಿಲ್ಲ. ಪತ್ರ ಮಾತ್ರ ಮೂವರಿಗೂ ಒಂದೇ ತೂಕದ್ದು, ಒಂದೇ ಮರ್ಯಾದೆಯದ್ದು. ಬೈಗುಳ ಇರಕೂಡದು, ಬೆದರಿಕೆ ಇರಕೂಡದು. ಇಂಥವರನ್ನು ಹೊಡೆಯಬೇಡಿ, ಕೋರ್ಟಿಗೆ ಹಾಜರುಪಡಿಸಿ, ಡಾಕ್ಟರಿಗೆ ತೋರಿಸಿ, ಇಷ್ಟೇ ಒಕ್ಕಣೆ.

ತಾಯಿ, ಈಗ ಸ್ನೇಹಲತಾ ರೆಡ್ಡಿಯವರ ಹೆಸರು ಎತ್ತಬೇಕು. ‘ಸಂಸ್ಕಾರ’ ಸಿನಿಮಾದಲ್ಲಿ ಚಂದ್ರಿಯಾಗಿದ್ದ ಆಕೆಯನ್ನು ನೆನೆಯುವವರು ನಿನ್ನ ಸಾಲಿನಲ್ಲಿ ಇನ್ನೂ ಇದ್ದಾರೆ. ಲಾರೆನ್ಸ್ ಅವರನ್ನು ಹಿಡಿದ ಮರುದಿನವೇ, ಮೇ 2ರಂದು, ಪೊಲೀಸರು ಆಕೆಯನ್ನು ಹಿಡಿದರು. ಒಬ್ಬರು ಮೈ ಚಾಚುವಷ್ಟೇ ಅಗಲದ ಕೋಣೆ, ಕೊನೆಯಲ್ಲಿ ಶೌಚಕ್ಕೊಂದು ಗುಂಡಿ, ಮಲಗಲು ನೆಲ. ಆಕೆಗೆ ಉಬ್ಬಸ. ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಚೀರಾಟ ತಮಗೆ ಕೇಳಿಸುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ದಂಡವತೆಯವರು ಮುಂದೆ ಬರೆದರು. ಆ ಸ್ಥಿತಿಯಲ್ಲೂ ಸ್ನೇಹಲತಾ ಸುಮ್ಮನಿರಲಿಲ್ಲ. ಜೈಲಿನ ಬಡ ಹೆಂಗಸರಿಗೆ ಬೀಳುತ್ತಿದ್ದ ಏಟು ನಿಲ್ಲಿಸಬೇಕು, ಅವರಿಗೆ ಸರಿಯಾದ ಊಟ ಸಿಗಬೇಕು ಎಂದು ಹೋರಾಡಿದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು. ಜಾರ್ಜ್ ಮತ್ತಿತರರ ಮೇಲಿನ ಪ್ರಕರಣದ ಕೊನೆಯ ಆರೋಪಪಟ್ಟಿಯಲ್ಲಿ ಆಕೆಯ ಹೆಸರೇ ಇರಲಿಲ್ಲ.

ಒಂದೇ ಪ್ರಕರಣಕ್ಕಾಗಿ ಹಿಡಿದ ಇಬ್ಬರಲ್ಲಿ ಜಾರ್ಜ್ ಉಳಿದರು, ಸ್ನೇಹಲತಾ ಹೋದರು. ದೊಡ್ಡ ಹೆಸರಿರುವ ನಾಯಕನಿಗಾಗಿ ಲೋಕ ಬೇಗ ಎದ್ದು ನಿಲ್ಲುತ್ತದೆ. ಮಾತ್ರೆಗಾಗಿ ಕಾಯುತ್ತ ಕೂತ ರೋಗಿಷ್ಠ ಹೆಂಗಸಿನ ತನಕ ಅದರ ಕೈ ಹೊತ್ತಿಗೆ ಮುಟ್ಟುವುದಿಲ್ಲ. ಆಕೆ ಒಳಗೆ ಯಾರಿಗಾಗಿ ಹೋರಾಡಿದರೋ ಆ ಹೆಂಗಸರ ಹೆಸರುಗಳಂತೂ ಯಾವ ತಂತಿಯಲ್ಲೂ ಬರಲಾರವು. ಆದ್ದರಿಂದ ನಮ್ಮ ಮೊದಲ ಬೇಡಿಕೆ ಇದು: ಹೆಸರಿಲ್ಲದವರ ಹೆಸರನ್ನು ಕೇಳಿ ತಿಳಿಯುವ ತಾಳ್ಮೆ ನಮಗೆ ಕೊಡು.

ಎರಡನೆಯದು, ಯಾವ ಪಕ್ಷ, ಯಾವ ಜಾತಿ, ಯಾವ ದೇವರು ಎಂದು ವಿಚಾರಿಸಿ ಆಮೇಲೆ ಮರುಗುವ ಚಾಳಿಯಿಂದ ನಮ್ಮನ್ನು ಬಿಡಿಸು. ನಮ್ಮವನು ಒಳಗಿದ್ದರೆ ಅನ್ಯಾಯ, ಎದುರಾಳಿ ಒಳಗಿದ್ದರೆ ತಕ್ಕ ಶಾಸ್ತಿ ಎನ್ನುವ ಲೆಕ್ಕ ನಮ್ಮ ಹೋಟೆಲು, ಅರಳಿಕಟ್ಟೆಗಳಲ್ಲಿ ನಡೆದೇ ಇದೆ. ತಪ್ಪು ಮಾಡಿದವನಿಗೆ ಕೋರ್ಟು ಶಿಕ್ಷೆ ಕೊಡಲಿ. ಲಾಠಿಗೆ ಮಾತ್ರ ಯಾರ ಬೆನ್ನೂ ಸಿಗದಿರಲಿ.

ಮೂರನೆಯದು, ಬರೆದಿಟ್ಟ ಕಾಯಿದೆಗೆ ಜೀವ ಕೊಡು. ಹರದನಹಳ್ಳಿಯ ಗೌಡರು ಪ್ರಧಾನಿಯಾಗಿದ್ದಾಗ, 1996ರ ಡಿಸೆಂಬರ್ 18ರಂದು, ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಂಧನದ ನಿಯಮಗಳನ್ನು ಹಾಕಿಕೊಟ್ಟಿತು. ಬಂಧನದ ಕಾಗದಕ್ಕೆ ಸಾಕ್ಷಿಯ ರುಜು ಬೇಕು, ಮನೆಯವರಿಗೆ ಸುದ್ದಿ ಮುಟ್ಟಬೇಕು, 48 ಗಂಟೆಗೊಮ್ಮೆ ಡಾಕ್ಟರು ನೋಡಬೇಕು, ವಕೀಲರ ಭೇಟಿಗೆ ಅವಕಾಶವಿರಬೇಕು. ಇದು 20 ವರ್ಷ ಮೊದಲೇ ಜಾರಿಯಲ್ಲಿದ್ದಿದ್ದರೆ ಆಲಿಸ್ ಅವರಿಗೆ ಆ ಪತ್ರ ಬರೆಯುವ ಗತಿ ಬರುತ್ತಿರಲಿಲ್ಲ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು. ಅದನ್ನು ಅನುಮೋದಿಸುವ ಕೆಲಸ ಹಾಗೇ ಉಳಿದಿದೆ. ದಿಲ್ಲಿಯಲ್ಲಿ ಕೂತವರು ಯಾವ ಪಕ್ಷದವರೇ ಆಗಿರಲಿ, ಅವರಿಗೆ ಈ ಬಾಕಿಯನ್ನು ನೆನಪಿಸು.

ಕೊನೆಯ ಬೇಡಿಕೆ ನಮ್ಮ ಕೈಗಳಿಗಾಗಿ. ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರ, ಚನ್ನರಾಯಪಟ್ಟಣದ ಕಾಲೇಜು ಹುಡುಗಿ, ಹೊಳೆನರಸೀಪುರದ ಮೇಷ್ಟರು, ಹಾಸನದ ನರ್ಸಮ್ಮ, ಎಲ್ಲರಿಗೂ ಅರ್ಜಿ ಬರೆದು ಅಭ್ಯಾಸವಿದೆ. ವರ್ಷಕ್ಕೊಂದು ಅರ್ಜಿಯನ್ನಾದರೂ ಅವರು ತಮಗೆ ಏನೂ ಆಗಬೇಕಿಲ್ಲದ ಒಬ್ಬ ಕೈದಿಗಾಗಿ ಬರೆಯುವಂತಾಗಲಿ. ವಿಯೆನ್ನಾ, ಸ್ಟಾಕ್‌ಹೋಮ್‌ನವರು ನಮ್ಮವರಿಗಾಗಿ ಕೇಳಿಕೊಂಡ ಋಣ ನಮ್ಮ ಮೇಲಿದೆ. ಅವರಿಗೆ ಅದನ್ನು ಹಿಂದಿರುಗಿಸಲಾಗದು. ಇಂದು ಯಾವ ದೇಶದ ಯಾವ ಠಾಣೆಯಲ್ಲಿ ಯಾರು ಕೂಗುತ್ತಿದ್ದಾರೋ ಅವರಿಗೆ ಸಲ್ಲಿಸಬಹುದು. ಹೆದರದೆ, ಹೆಸರು ವಿಳಾಸ ಮುಚ್ಚಿಡದೆ, ಕೆಳಗೆ ರುಜು ಹಾಕಿ ಕಳಿಸುವ ಧೈರ್ಯ ನಮಗೆ ಕೊಡು.