ಬಲಿದಾನವೋ, ಬಲಿಯೋ?

ಸಾಹಸಕ್ಕೆ ಹೊರಟವರು ಹಿಂದಿರುಗದಿದ್ದಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು ‘ಬಲಿದಾನ’. ಗಗನಯಾತ್ರಿ ಕಲ್ಪನಾ ಚಾವ್ಲಾ ಅವರ ವಿಷಯದಲ್ಲೂ ಹಾಗೆಯೇ ಆಯಿತು. 2003ರ ಫೆಬ್ರವರಿ 1ರಂದು ‘ಕೊಲಂಬಿಯಾ’ ನೌಕೆ, ನೆಲಕ್ಕಿಳಿಯಲು ಇನ್ನು ಹದಿನಾರು ನಿಮಿಷವಿದೆ ಎನ್ನುವಾಗ, ಟೆಕ್ಸಾಸಿನ ಆಕಾಶದಲ್ಲಿ ಒಡೆದು ಚೂರಾಯಿತು. ಏಳು ಮಂದಿ ತೀರಿಕೊಂಡರು. ವಿಜ್ಞಾನಕ್ಕಾಗಿ ಪ್ರಾಣ ಧಾರೆಯೆರೆದ ಮಗಳೆಂದು ನಾವು ಕೈಮುಗಿದೆವು. ಕೈಮುಗಿದದ್ದು ಸರಿಯೇ. ಆ ಮಾತು ಸರಿಯೇ ಎಂಬುದನ್ನು ಮಾತ್ರ ವಿಚಾರ ಮಾಡಬೇಕು.

ಅಮೀರ್‌ಪೇಟ್‌ನಲ್ಲಿರುವ ನಮಗೆ ಈ ವಿಚಾರ ದೂರದ್ದಲ್ಲ. ಮೈತ್ರಿವನದ ಸುತ್ತಮುತ್ತ ಕಂಪ್ಯೂಟರ್ ಕಲಿಸುವ ಕೇಂದ್ರಗಳ ಮೆಟ್ಟಿಲು ಹತ್ತಿ ಇಳಿಯುವ ಹುಡುಗ ಹುಡುಗಿಯರಲ್ಲಿ ನಮ್ಮ ಮನೆಯ ಮಕ್ಕಳೂ ಇದ್ದಾರೆ. ಅನೇಕರ ಕಣ್ಣು ಅಮೆರಿಕದ ಮೇಲೆ. ಕಲ್ಪನಾ ಕೂಡ 1982ರಲ್ಲಿ ಹೆಚ್ಚಿನ ಓದಿಗೆಂದು ಅದೇ ಟೆಕ್ಸಾಸಿಗೆ ಹೋದ ಕರ್ನಾಲಿನ ಹುಡುಗಿ. “ಅಪಾಯ ಗೊತ್ತಿತ್ತು, ಒಪ್ಪಿಯೇ ಹೋದಳು” ಎಂಬ ಸಮಾಧಾನವನ್ನು ಮಕ್ಕಳನ್ನು ಕಳಿಸಿಕೊಡುವ ನಾವು ಅಷ್ಟು ಸುಲಭವಾಗಿ ನುಂಗಬಾರದು.

ಒಪ್ಪಿದ್ದು ಯಾವುದಕ್ಕೆ? ನೌಕೆ ಜನವರಿ 16ರಂದು ಮೇಲೇರಿದ ಸುಮಾರು 82 ಸೆಕೆಂಡಿಗೆ, ಇಂಧನ ಟ್ಯಾಂಕಿನ ಹೊದಿಕೆಯ ಫೋಮ್ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ಏಟು ಎಷ್ಟೆಂದು ತಿಳಿಯಲು, ಕಕ್ಷೆಯಲ್ಲಿ ಸುತ್ತುತ್ತಿದ್ದ ನೌಕೆಯ ಚಿತ್ರ ತೆಗೆಸಿಕೊಡಿರೆಂದು ಕೆಲವು ಇಂಜಿನಿಯರುಗಳು ಕೇಳಿದರು. ಮೇಲಿನವರು ಬೇಡವೆಂದರು. ತುಂಡು ಬಡಿದಿದೆ, ಚಿಂತೆಗೆ ಕಾರಣವಿಲ್ಲ ಎಂಬ ಸಂದೇಶ ನೌಕೆಗೆ ಹೋಯಿತು. ಹಿಂದೆಯೂ ಫೋಮ್ ಕಳಚಿತ್ತು, ಅನಾಹುತವಾಗಿರಲಿಲ್ಲ. ಆಗದೇ ಇದ್ದುದೇ ಇನ್ನು ಮುಂದೆಯೂ ಆಗದೆಂಬುದಕ್ಕೆ ಪ್ರಮಾಣವಾಯಿತು! 1986ರ ಜನವರಿ 28ರಂದು ‘ಚಾಲೆಂಜರ್’ 73 ಸೆಕೆಂಡಿನಲ್ಲಿ ಏಳು ಮಂದಿಯೊಡನೆ ನಾಶವಾದಾಗಲೂ ಇದೇ ಕಥೆ. ಇಷ್ಟು ಚಳಿಯಲ್ಲಿ ರಬ್ಬರಿನ ಉಂಗುರಗಳು ತಡೆಯಲಾರವು, ಹಾರಿಸಬೇಡಿ ಎಂದು ಹಿಂದಿನ ರಾತ್ರಿಯೇ ಇಂಜಿನಿಯರುಗಳು ಹೇಳಿದ್ದರು. ಆಕಾಶದ ಅಪಾಯಕ್ಕೆ ಒಪ್ಪಿದವರು ಕಚೇರಿಯ ಅಸಡ್ಡೆಗೂ ಒಪ್ಪಿದಂತಾಯಿತೇ?

ನಮ್ಮ ನಾಡಿನ ವೀರಗಲ್ಲುಗಳನ್ನು ನೆನೆಯಿರಿ. ಶಾಸನವಿರುವ ಕಲ್ಲಾದರೆ ಸತ್ತವನು ಯಾರು, ತುರುಗಳನ್ನು ಬಿಡಿಸಿ ತರಲು ಹೋಗಿ ಸತ್ತನೋ, ಊರ ಮೇಲೆ ಬಿದ್ದವರೊಡನೆ ಕಾದಿ ಸತ್ತನೋ ಎಂಬುದನ್ನು ಹೇಳುತ್ತದೆ. ಸ್ವರ್ಗದ ಚಿತ್ರ ಮೇಲಿದ್ದರೂ ಕಾಳಗದ ಚಿತ್ರವನ್ನು ಕೆಳಗೆ ಬಿಟ್ಟಿರುವುದಿಲ್ಲ. ಆದರೆ ಅದೇ ಊರಿನಲ್ಲಿ ಮಾಸ್ತಿಕಲ್ಲೂ ಇರಬಹುದು. ಬಳೆ ತೊಟ್ಟ ಕೈ ಎತ್ತಿದ ಆ ಹೆಣ್ಣು ತಾನಾಗಿ ಚಿತೆ ಏರಿದಳೋ, ಊರವರೇ ಏರಿಸಿದರೋ, ಕಲ್ಲು ಹೇಳದು. ಬಲಿದಾನವೆಂದು ಹೊಗಳುವಾಗ ನನಗೆ ಹೆದರಿಕೆಯಾಗುವುದು ಇಲ್ಲಿಯೇ.

ಬಾಹ್ಯಾಕಾಶದ ಕೆಲಸದಲ್ಲಿ ಪ್ರಾಣ ತೆತ್ತವರೆಲ್ಲ ಆಕಾಶಕ್ಕೆ ಹೋದವರೂ ಅಲ್ಲ. ಶ್ರೀಹರಿಕೋಟದಿಂದ 2002ರಲ್ಲಿ ಹಾರಿದ ಹವಾಮಾನ ಉಪಗ್ರಹಕ್ಕೆ ಮರುವರ್ಷ ಫೆಬ್ರವರಿ 5ರಂದು ಪ್ರಧಾನಿ ವಾಜಪೇಯಿಯವರು ‘ಕಲ್ಪನಾ-1’ ಎಂದು ಹೆಸರಿಟ್ಟರು. ಅದನ್ನು ನೋಡಿಕೊಂಡದ್ದು ನಮ್ಮ ಹಾಸನದ ನಿಯಂತ್ರಣ ಕೇಂದ್ರ. ಕನ್ನಡಿಗರಿಗೆ ಹೆಮ್ಮೆಯ ಸಂಗತಿಯೇ. ಅದೇ ಶ್ರೀಹರಿಕೋಟದಲ್ಲಿ 2004ರ ಫೆಬ್ರವರಿ 23ರಂದು ರಾಕೆಟ್ಟಿನ ಘನ ಇಂಧನಕ್ಕೆ ಬೆಂಕಿ ಹೊತ್ತಿಕೊಂಡು ಆರು ಮಂದಿ ಸತ್ತರು. ನೂರಾರು ಮೈಲಿ ದೂರದ ಕರ್ನಾಲಿನ ಹೆಸರು ನಮ್ಮ ಮಕ್ಕಳಿಗೂ ಬಾಯಿಪಾಠ. ಇದೇ ಸೀಮೆಯ ಆ ಆರು ಹೆಸರುಗಳಲ್ಲಿ ಒಂದಾದರೂ ನಮ್ಮಲ್ಲಿ ಎಷ್ಟು ಜನರ ನಾಲಗೆಯ ಮೇಲಿದೆ?

ಕೊಲಂಬಿಯಾದ ಬಳಿಕ ಎರಡೂವರೆ ವರ್ಷ ಷಟಲ್ ನೌಕೆಗಳು ಹಾರಲಿಲ್ಲ. 2005ರ ಜುಲೈನಲ್ಲಿ ಮತ್ತೆ ಹೊರಟಾಗ ಹೊಸ ಪದ್ಧತಿಯೊಂದು ಬಂದಿತು. ಬಾಹ್ಯಾಕಾಶ ನಿಲ್ದಾಣದ ಸಮೀಪಕ್ಕೆ ಬಂದ ನೌಕೆ ತನ್ನ ಹೊಟ್ಟೆ ಕಾಣುವಂತೆ ನಿಧಾನವಾಗಿ ಪಲ್ಟಿ ಹೊಡೆಯುವುದು. ನಿಲ್ದಾಣದೊಳಗಿನವರು ಚಿತ್ರ ತೆಗೆದು ನೆಲಕ್ಕೆ ಕಳಿಸುವುದು. ಇಲ್ಲಿನ ಇಂಜಿನಿಯರುಗಳು ಅದನ್ನು ಅಂಗುಲ ಅಂಗುಲವಾಗಿ ಪರೀಕ್ಷಿಸುವುದು. 2011ರ ಕೊನೆಯ ಹಾರಾಟದವರೆಗೆ, ನಿಲ್ದಾಣಕ್ಕೆ ಹೋದ ಷಟಲ್‌ಗಳೆಲ್ಲ ಹೀಗೆ ಮೈ ತೋರಿಸಿಯೇ ಮುಂದೆ ಹೋದವು. 2003ರ ಜನವರಿಯಲ್ಲಿ ಕೇಳಿ ಸಿಗದೆ ಹೋದದ್ದೂ ಒಂದು ಚಿತ್ರವೇ.