ಚಾವಿ ತಿರುಗಿಸುವ ಹೊತ್ತು

ಮುಂಬೈಯ ಭಾಂಡುಪ್ ಪಶ್ಚಿಮದ ಗುಡ್ಡದ ಓಣಿಗಳಲ್ಲಿ ದಿನ ಶುರುವಾಗುವುದು ನೀರಿನಿಂದ. ಪಾಲಿಕೆಯ ಚಾವಿವಾಲಾ ಉದ್ದನೆಯ ಕಬ್ಬಿಣದ ಚಾವಿಯನ್ನು ರಸ್ತೆಯ ಗುಂಡಿಗೆ ಇಳಿಸಿ ತಿರುಗಿಸುತ್ತಾನೆ. ಸ್ವಲ್ಪ ಹೊತ್ತಿಗೆ ನಲ್ಲಿಗಳು ಕೆಮ್ಮಿ ಬಾಯಿಬಿಡುತ್ತವೆ. ಏಷ್ಯಾದ ಅತಿ ದೊಡ್ಡ ನೀರು ಶುದ್ಧೀಕರಣ ಕೇಂದ್ರಗಳಲ್ಲಿ ಒಂದು ಇದೇ ಭಾಂಡುಪಿನಲ್ಲಿದೆ. ಆದರೂ ಗುಡ್ಡದ ಮೇಲಿನ ಹೆಂಗಸರು ಲೆಕ್ಕ ಹಾಕುವುದು ಕೆರೆಯಲ್ಲಿ ಎಷ್ಟು ನೀರಿದೆ ಎಂದಲ್ಲ, ಚಾವಿ ಎಷ್ಟು ಹೊತ್ತಿಗೆ ತಿರುಗುತ್ತದೆ ಎಂದು.

ಯಕೃತ್ತಿನ ಕ್ಯಾನ್ಸರ್ ಬಗ್ಗೆ ಯೋಚಿಸುವಾಗ ನನಗೆ ಈ ಚಾವಿ ನೆನಪಾಗುತ್ತದೆ. ಕುಂದಾಪುರದ ಕಡೆಯಿಂದ ಬಂದು ಇಲ್ಲಿನ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕೂತಿದ್ದ ನೆರೆಯವರೊಬ್ಬರಿದ್ದರು. ಹೆಂಡ ಮುಟ್ಟಿದವರಲ್ಲ. ಲಿವರಿನಲ್ಲಿ ಗಡ್ಡೆ ಎಂದು ಗೊತ್ತಾದ ದಿನ ಊರಿನಿಂದ ಬಂದ ಫೋನಿನಲ್ಲಿ ಮೊದಲ ಪ್ರಶ್ನೆ: "ಗುಟ್ಟಾಗಿ ಕುಡೀತಿದ್ರಾ?" ಎರಡನೆಯದು: "ನಮ್ಮ ವಂಶದಲ್ಲಿ ಯಾರಿಗೂ ಇರ್ಲಿಲ್ವಲ್ಲ?" ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಸಿಕ್ಕಿತು. ಹುಟ್ಟುವಾಗಲೇ ತಾಯಿಯಿಂದ ಬಂದಿರಬಹುದು ಎಂದರು ವೈದ್ಯರು. ಆದರೆ ಆ ಎರಡು ಪ್ರಶ್ನೆಗಳು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ತಪ್ಪು ತನ್ನದೋ, ಹಿರಿಯರದೋ ಎಂದು ಅವರು ಹಾಸಿಗೆಯಲ್ಲಿ ಮಲಗಿಯೂ ತೂಗಿ ನೋಡುತ್ತಿದ್ದರು. ಎರಡೂ ಪ್ರಶ್ನೆಗಳು ಅನ್ಯಾಯದವು ಎಂದು ಅವರಿಗೆ ಹೇಳಬೇಕಿತ್ತು. ಆಗ ನನಗೆ ಮಾತು ಸಿಗಲಿಲ್ಲ.

ಎರಡನೆಯ ಪ್ರಶ್ನೆಗೆ ನಮ್ಮ ಭಾಷೆಯೂ ಅಷ್ಟಿಷ್ಟು ಹೊಣೆ. ಜೀನನ್ನು ನಾವು ವಂಶವಾಹಿ ಎಂದು ಕರೆದೆವು. ಚೆಂದದ ಪದವೇ. ಆದರೆ ಆ ಪದ ಕೇಳಿದೊಡನೆ ಮನಸ್ಸು ಅಜ್ಜ, ಮುತ್ತಜ್ಜರ ಕಡೆ ಓಡುತ್ತದೆ. ಜೀನು ದಿನವಿಡೀ ಮಾಡುವ ಕೆಲಸ ಬೇರೆಯೇ ಇದೆ. ನಮ್ಮ ಮಿದುಳಿನ ಕೋಶದಲ್ಲೂ ಯಕೃತ್ತಿನ ಕೋಶದಲ್ಲೂ ಇರುವುದು ಒಂದೇ ಜೀನುಗಳ ಕಂತೆ. ಯಕೃತ್ತು ಅಲ್ಬುಮಿನ್ ತಯಾರಿಸುವ ಜೀನನ್ನು ತೆರೆದಿಟ್ಟಿದೆ, ಮಿದುಳು ಅದನ್ನು ಮುಚ್ಚಿಟ್ಟಿದೆ. ಯಾವುದು, ಯಾವಾಗ, ಎಷ್ಟು ತೆರೆಯಬೇಕು ಎಂಬ ನಿಯಂತ್ರಣದಿಂದಲೇ ಯಕೃತ್ತು ಯಕೃತ್ತಾಗಿ ಉಳಿದಿದೆ. ಯಕೃತ್ತಿನ ಕ್ಯಾನ್ಸರಿನಲ್ಲಿ ಕಾಣುವ ಹೆಚ್ಚಿನ ಬದಲಾವಣೆಗಳು ಹಿರಿಯರಿಂದ ಬಂದವಲ್ಲ. ಒಬ್ಬ ಮನುಷ್ಯನ ಆಯುಷ್ಯದೊಳಗೆ, ಅವನ ಯಕೃತ್ತಿನ ಒಂದು ಕೋಶದೊಳಗೆ ನಡೆದವು.

ಟರ್ಟ್ ಎಂಬ ಜೀನನ್ನೇ ನೋಡಿ. ಕೋಶವೊಂದು ಮತ್ತೆ ಮತ್ತೆ ವಿಭಜನೆಯಾದಾಗ ಸವೆಯುವ ವರ್ಣತಂತುವಿನ ತುದಿಗಳನ್ನು ದುರಸ್ತಿ ಮಾಡುವ ಕಿಣ್ವ ಇದರಿಂದ ತಯಾರಾಗುತ್ತದೆ. ದೊಡ್ಡವರ ಯಕೃತ್ತಿನಲ್ಲಿ ಇದು ಹೆಚ್ಚುಕಡಿಮೆ ಮೌನವಾಗಿರುತ್ತದೆ. ಈ ಕ್ಯಾನ್ಸರಿನಲ್ಲಿ ಅತಿ ಹೆಚ್ಚಾಗಿ ಸಿಗುವ ಬದಲಾವಣೆಗಳಲ್ಲೊಂದು ಟರ್ಟ್ ಜೀನಿನ ಒಳಗೆ ಆದದ್ದಲ್ಲ, ಅದಕ್ಕೆ ಮುಂಚೆ ಇರುವ ನಿಯಂತ್ರಣದ ತುಣುಕಿನಲ್ಲಿ ಆದದ್ದು. ಹೆಪಟೈಟಿಸ್ ಬಿ ವೈರಸ್ ಎಷ್ಟೋ ಸಲ ತನ್ನ ಡಿಎನ್ಎಯನ್ನು ಸರಿಯಾಗಿ ಅದೇ ಜಾಗದ ಹತ್ತಿರ ತೂರಿಸುತ್ತದೆ. ನೀರು ಅದೇ, ಕೊಳವೆ ಅದೇ. ಚಾವಿ ಮಾತ್ರ ತೆರೆದು ಸಿಕ್ಕಿಹಾಕಿಕೊಂಡಿದೆ.

ಸಂಕೇತಗಳ ಕಥೆಯೂ ಹೀಗೆಯೇ. ಬೀಟಾ-ಕೆಟೆನಿನ್ ಎಂಬ ಪ್ರೋಟೀನನ್ನು ಕೋಶ ಸದಾ ತಯಾರಿಸುತ್ತದೆ, ಸದಾ ನಾಶವನ್ನೂ ಮಾಡುತ್ತದೆ. ಹೊರಗಿನಿಂದ ವಿಂಟ್ ಎಂಬ ಸಂಕೇತ ಬಂದು ತಟ್ಟಿದಾಗ ಮಾತ್ರ ನಾಶ ನಿಲ್ಲುತ್ತದೆ. ಆಗ ಬೀಟಾ-ಕೆಟೆನಿನ್ ಕೋಶಕೇಂದ್ರಕ್ಕೆ ಹೋಗಿ ಬೆಳವಣಿಗೆಯ ಜೀನುಗಳನ್ನು ಎಬ್ಬಿಸುತ್ತದೆ. ಯಕೃತ್ತಿನ ಗಡ್ಡೆಗಳ ಪೈಕಿ ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟರಲ್ಲಿ ಈ ಪ್ರೋಟೀನಿನ ಜೀನೇ ಬದಲಾಗಿ, ನಾಶಕ್ಕೆ ಗುರುತು ಹಾಕುವ ಜಾಗ ಅಳಿಸಿಹೋಗಿರುತ್ತದೆ. ಯಾರೂ ಬಾಗಿಲು ತಟ್ಟಿಲ್ಲ, ಒಳಗಿನವರು ಎದ್ದು ಕೂತಿದ್ದಾರೆ.

ಇಲ್ಲಿ ನಾನು ಬಹಳ ದಿನ ನಿಂತೆ. ಕ್ಯಾನ್ಸರನ್ನು ನಾವು ದಂಗೆಕೋರ ಎನ್ನುತ್ತೇವೆ, ಶತ್ರು ಎನ್ನುತ್ತೇವೆ. ಆದರೆ ಯಕೃತ್ತಿನ ವಿಷಯದಲ್ಲಿ ಆ ಮಾತು ನಿಲ್ಲುವುದಿಲ್ಲ. ಇಲಿಯ ಯಕೃತ್ತಿನ ಮೂರನೇ ಎರಡು ಭಾಗ ಕತ್ತರಿಸಿ ತೆಗೆದರೂ ವಾರ, ಹತ್ತು ದಿನದಲ್ಲಿ ಅದು ಹಳೆಯ ತೂಕಕ್ಕೆ ಬೆಳೆದು, ಅಲ್ಲಿಗೆ ನಿಲ್ಲುತ್ತದೆ. ಅಪ್ಪನಿಗೆ ತನ್ನ ಯಕೃತ್ತಿನ ತುಂಡು ಕೊಟ್ಟ ಮಗಳು ಬದುಕಿ ಓಡಾಡುವುದು ಈ ಗುಣದಿಂದಲೇ. ಹಾಗೆ ಬೆಳೆಯಲು ಬೇಕಾದ ಸಂಕೇತಗಳಲ್ಲಿ ಇದೇ ವಿಂಟ್, ಇದೇ ಬೀಟಾ-ಕೆಟೆನಿನ್ ಕೂಡ ಇವೆ. ಹತ್ತಾರು ವರ್ಷ ವೈರಸ್ಸೋ ಮದ್ಯವೋ ಕೊಬ್ಬೋ ಗಾಯ ಮಾಡುತ್ತಲೇ ಇದ್ದರೆ ಯಕೃತ್ತು ವಾಸಿಮಾಡಿಕೊಳ್ಳುತ್ತಲೇ ಇರುತ್ತದೆ. ಪ್ರತಿ ವಿಭಜನೆಯಲ್ಲೂ ತಪ್ಪಿಗೆ ಒಂದು ಅವಕಾಶ. ಹಾಗೆಂದರೆ ಈ ರೋಗ ಹುಟ್ಟುವುದು ದೇಹದ ದ್ರೋಹದಿಂದಲ್ಲ, ಅದು ಸೋಲೊಪ್ಪದೆ ಮಾಡಿಕೊಂಡ ರಿಪೇರಿಯೊಳಗಿಂದ. ನನ್ನ ನೆರೆಯವರ ಯಕೃತ್ತು ಐವತ್ತು ವರ್ಷ ಅವರಿಗಾಗಿ ದುಡಿದಿತ್ತು.

ಹಾಗಾದರೆ ಯಾರೂ ಹೊಣೆಯಲ್ಲವೇ, ಎಲ್ಲವೂ ಅಣುಗಳ ಹಣೆಬರಹವೇ ಎಂದು ಕೇಳಬಹುದು. ಆ ಮಾತನ್ನೂ ನಾನು ಒಪ್ಪುವುದಿಲ್ಲ. ಹೊಣೆ ಮಾಯವಾಗುವುದಿಲ್ಲ. ಮನುಷ್ಯನ ಕೈ ಎಲ್ಲಿಯವರೆಗೆ ಎಟುಕುತ್ತದೋ ಅಲ್ಲಿಗೆ ಹೋಗಿ ಕೂರುತ್ತದೆ. 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿಯ ಬಾಂಸವಾಡಾ, ಪಂಚಮಹಲ್ ಭಾಗದ ಆದಿವಾಸಿಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು ಕಾಮಾಲೆಯಿಂದ ಸತ್ತರು. ಆ ಬೂಸ್ಟಿನ ವಿಷ ಅಫ್ಲಟಾಕ್ಸಿನ್. ಅದೇ ವಿಷ ಸ್ವಲ್ಪಸ್ವಲ್ಪವಾಗಿ ವರ್ಷಗಟ್ಟಲೆ ಒಳಗೆ ಹೋದರೆ, ಕೋಶವನ್ನು ಕಾಯುವ ಪಿ53 ಜೀನಿನ ಒಂದು ನಿರ್ದಿಷ್ಟ ಜಾಗದಲ್ಲಿ ಒಂದೇ ಅಕ್ಷರವನ್ನು ಬದಲಿಸುತ್ತದೆ. ಆ ಅಕ್ಷರದೋಷದ ಹಿಂದೆ ಒದ್ದೆ ಕಣಜವಿದೆ, ಬೇರೆ ಧಾನ್ಯ ಕೊಳ್ಳಲಾಗದ ಬಡತನವಿದೆ.

ಮುಂಬೈಯಲ್ಲೇ ಇನ್ನೊಂದು ಉದಾಹರಣೆ ಇದೆ. ಬೆಳವಣಿಗೆಯ ಸಂಕೇತವನ್ನು ದಾಟಿಸುವ ರಾಫ್ ಕಿಣ್ವವನ್ನೂ, ಗಡ್ಡೆಗೆ ಹೊಸ ರಕ್ತನಾಳ ಎಳೆಯುವ ಸಂಕೇತವನ್ನೂ ತಡೆಯುವ ಔಷಧ ಸೊರಾಫೆನಿಬ್. ರೋಗ ಮುಂದುವರಿದವರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಅದು ಬದುಕಿನ ಮಧ್ಯಮ ಅವಧಿಯನ್ನು 7.9 ತಿಂಗಳಿಂದ 10.7 ತಿಂಗಳಿಗೆ ಏರಿಸಿತು. ಭಾರತದಲ್ಲಿ ಬಾಯರ್ ಕಂಪನಿಯ ಬೆಲೆ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಇತ್ತು. 2012ರ ಮಾರ್ಚಿನಲ್ಲಿ ಮುಂಬೈಯ ಪೇಟೆಂಟ್ ಕಚೇರಿಯಿಂದ ಬಂದ ಆದೇಶ ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಕಡ್ಡಾಯ ಪರವಾನಗಿ ಕೊಟ್ಟಿತು, ಬೆಲೆ ತಿಂಗಳಿಗೆ 8,880 ರೂಪಾಯಿ ಮೀರಬಾರದೆಂಬ ಷರತ್ತಿನೊಡನೆ. ದೇಶದಲ್ಲಿ ಅಂಥ ಪರವಾನಗಿ ಅದೇ ಮೊದಲು. ಮೂರು ತಿಂಗಳು ಎಷ್ಟು ದೊಡ್ಡದು ಎಂದು ಕೇಳುವವರು, ಮಗಳ ಮದುವೆಗೆ ಮೂರು ತಿಂಗಳು ಉಳಿದಿರುವ ಗಲ್ಲಾದ ಮನುಷ್ಯನನ್ನು ಕೇಳಬೇಕು.

ಆದರೂ ಅದು ತಡವಾಗಿ ತಿರುಗಿದ ಚಾವಿ. ಮೊದಲ ಚಾವಿ ಹೆರಿಗೆ ಕೋಣೆಯಲ್ಲಿದೆ. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಶುರುಮಾಡಿತು, ಮುಂದೆ ಅಲ್ಲಿನ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರೇ ಇಳಿಯಿತು. ನಮ್ಮಲ್ಲಿ ಈ ಲಸಿಕೆ ದೇಶವಿಡೀ ಸಾರ್ವತ್ರಿಕ ಕಾರ್ಯಕ್ರಮಕ್ಕೆ ಸೇರಿದ್ದು 2011ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ನಮ್ಮಲ್ಲಿ ಎಷ್ಟೋ ಮಂದಿಗೆ ಆ ಚಾವಿ ಸಿಗಲೇ ಇಲ್ಲ.

ಹಾಗಾಗಿ ಓದುಗರಲ್ಲಿ ಕೇಳುವುದಿಷ್ಟು. ಲಿವರ್ ರೋಗಿಯ ಮನೆಗೆ ಹೋದಾಗ ಕುಡಿತದ ಮಾತು ಎತ್ತಬೇಡಿ, ವಂಶ ಕೆದಕಬೇಡಿ. ನೀವು 2011ಕ್ಕಿಂತ ಮೊದಲು ಹುಟ್ಟಿದವರಾದರೆ ಒಮ್ಮೆ ಹೆಪಟೈಟಿಸ್ ಬಿ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಮನೆಯಲ್ಲಿ ಮಗು ಹುಟ್ಟಿದರೆ, ಹೆಸರಿಡುವ ಮಾತಿಗೂ ಮೊದಲು, 24 ಗಂಟೆಯೊಳಗಿನ ಆ ಲಸಿಕೆ ಹಾಕಿದ್ದಾರೆಯೇ ಎಂದು ನರ್ಸಮ್ಮನನ್ನು ಕೇಳಿ.